ಒಂದು ಕೋಯ್ತಾ ಅಂದರೆ ಇಬ್ಬರು

ದೀಪಾವಳಿ ಪಾಡ್ಯ ಮುಗಿಯುವುದೇ ತಡ, ಮಿರಜ್‌ನಿಂದ ಕಾಗವಾಡಕ್ಕೆ, ಕಾಗಲ್‌ನಿಂದ ನಿಪ್ಪಾಣಿಗೆ, ಜತ್ತದಿಂದ ಅಥಣಿಗೆ ಬರುವ ರಸ್ತೆಗಳ ತುಂಬ ಟ್ರ್ಯಾಕ್ಟರುಗಳು ಸಂಸಾರ ಹೇರಿಕೊಂಡು ಬರುತ್ತವೆ. ಟ್ರೇಲರಿನ ತಳದಲ್ಲಿ ಬಿದಿರಿನ ಗಳಗಳು, ಅದರ ಮೇಲೆ ಮಡಚಿದ ತಾಡಪತ್ರಿ, ಬಾಜರಿಯ ಚೀಲ, ತಗಡಿನ ಟ್ರಂಕು, ನೀರಿನ ಕೊಡಗಳು. ಮೂಲೆಯಲ್ಲಿ ಕಾಲು ಕಟ್ಟಿದ ಒಂದು ಆಡು, ಬುಟ್ಟಿಯ ಕೆಳಗೆ ಎರಡು ಕೋಳಿ. ಇಷ್ಟೆಲ್ಲದರ ಮೇಲೆ ತಲೆಗೆ ಟವೆಲು ಸುತ್ತಿದ ಗಂಡ, ಮಡಿಲಲ್ಲಿ ಕೂಸು ಮಲಗಿಸಿಕೊಂಡ ಹೆಂಡತಿ. ಕೆಲವು ಟ್ರೇಲರುಗಳಲ್ಲಿ ಕೈಯ ಹಸಿರು ಬಳೆ ಇನ್ನೂ ಹೊಸದಾಗಿರುವ ಹುಡುಗಿಯರೂ ಇರುತ್ತಾರೆ. ಮದುವೆಯಾದ ಮೇಲೆ ಅವರು ಗಂಡನ ಜೊತೆ ಹೊರಟ ಮೊದಲ ಪ್ರವಾಸ ಇದು. ಮುನ್ನೂರು ಕಿಲೊಮೀಟರ್ ಆಸುಪಾಸಿನ ಬೀಡ್ ಜಿಲ್ಲೆಯ ಒಣನೆಲದಿಂದ ಹೊರಟು, ರಾಜ್ಯದ ಗಡಿ ದಾಟಿ, ಕೃಷ್ಣೆ, ದೂಧಗಂಗಾ, ವೇದಗಂಗಾ ದಂಡೆಯ ಹಸಿರು ನೆಲಕ್ಕೆ ಬಂದು ಇಳಿಯುತ್ತಾರೆ. ಮರುದಿನ ಬೆಳಗಾಗುವುದರೊಳಗೆ ಊರ ಹೊರಗಿನ ಬಯಲಿನಲ್ಲಿ ಜೋಪಡಿಗಳ ಒಂದು ಸಾಲು ಎದ್ದಿರುತ್ತದೆ. ತಮ್ಮ ಮಾತಿನಲ್ಲಿ ಅವರು ಅದನ್ನು ಕೋಪಿ ಎನ್ನುತ್ತಾರೆ.

ಚಿಕ್ಕೋಡಿ, ರಾಯಬಾಗ ಸೀಮೆಯ ಓದುಗರಿಗೆ ಈ ನೋಟ ಹೊಸದಲ್ಲ. ‘ಗ್ಯಾಂಗ್ ಬಂತು’ ಎಂದರೆ ಹಂಗಾಮು ಶುರುವಾಯಿತು ಎಂದೇ ಅರ್ಥ. ಆದರೆ ಈ ಗ್ಯಾಂಗಿನಲ್ಲಿ ಎಷ್ಟು ಜನ ಇದ್ದಾರೆ ಎಂದು ಕೇಳಿ ನೋಡಿ. ‘ಹತ್ತು ಕೋಯ್ತಾ’, ‘ಹನ್ನೆರಡು ಕೋಯ್ತಾ’ ಎಂಬ ಉತ್ತರ ಬರುತ್ತದೆ. ತಲೆಯ ಲೆಕ್ಕ ಹೇಳುವವರಿಲ್ಲ. ಈ ಲೇಖನದ ವಾದ ಹುಟ್ಟುವುದು ಆ ಉತ್ತರದಿಂದಲೇ. ಕಬ್ಬು ಕಡಿಯುವವರ ಬಾಳಿನಲ್ಲಿ ನಾವು ಕಾಣುವ ಬಹುಪಾಲು ಕಷ್ಟಗಳ ಮೂಲ, ಇಬ್ಬರು ಮನುಷ್ಯರನ್ನು ಒಂದು ಆಯುಧದ ಹೆಸರಿನಲ್ಲಿ ಎಣಿಸುವ ಈ ಲೆಕ್ಕದಲ್ಲಿದೆ. ರಾಜ್ಯದ ಗಡಿ ದಾಟಿದಾಗ ಆ ಲೆಕ್ಕದ ಪೆಟ್ಟು ಇಮ್ಮಡಿಯಾಗುತ್ತದೆ.

ಕತ್ತಿಯ ಹೆಸರಿನ ಜೋಡಿ

ಕೋಯ್ತಾ ಎಂದರೆ ಮರಾಠಿಯಲ್ಲಿ ಕಬ್ಬು ಕಡಿಯುವ ಮಚ್ಚುಗತ್ತಿ. ಕಟಾವಿನ ವ್ಯವಹಾರದಲ್ಲಿ ಅದೇ ಶಬ್ದ ಗಂಡ-ಹೆಂಡತಿಯ ಒಂದು ಜೋಡಿಗೂ ಸಲ್ಲುತ್ತದೆ. ಒಬ್ಬಂಟಿ ಬಂದವನು ಅರ್ಧ ಕೋಯ್ತಾ. ಮುಂಗಡ ಹಣ, ಅಂದರೆ ಉಚಲ್, ಕೊಡುವುದು ಜೋಡಿಗೆ. ಅದು ಸೇರುವುದು ಗಂಡನ ಕೈಗೆ. ಕೂಲಿ ಬರುವುದೂ ಕಡಿದ ಟನ್ನಿನ ಮೇಲೆ, ಜೋಡಿಯ ಹೆಸರಿಗೆ. ಕಾರ್ಖಾನೆ ಟ್ರ್ಯಾಕ್ಟರ್ ಮಾಲೀಕನೊಂದಿಗೆ ಕಟಾವು ಮತ್ತು ಸಾಗಾಣಿಕೆಯ ಕರಾರು ಮಾಡಿಕೊಂಡು ಅವನಿಗೆ ಮುಂಗಡ ಕೊಡುತ್ತದೆ. ಅವನು ಕೂಲಿಗಳನ್ನು ಕರೆತರುವ ಮುಕಾದಮನಿಗೆ ಕೊಡುತ್ತಾನೆ, ಮುಕಾದಮ ಜೋಡಿಗಳಿಗೆ ಹಂಚುತ್ತಾನೆ. ಈ ಸರಪಳಿಯ ಒಂದೊಂದು ಕೊಂಡಿಯಲ್ಲೂ ಒಬ್ಬೊಬ್ಬ ಗಂಡಸಿನ ಹೆಸರಿದೆ. ಕಡಿದ ಕಬ್ಬನ್ನು ಆಯ್ದು, ಎಲ್ಲ ಸೂಡು ಕಟ್ಟಿ, ಹೊತ್ತು ಹಾಕುವ ಹೆಂಗಸಿನ ಹೆಸರು ಒಂದರಲ್ಲೂ ಇಲ್ಲ.

ಇದು ಬರೀ ಕಾಗದದ ಕೊರತೆ ಆಗಿದ್ದರೆ ಇಷ್ಟು ಹೇಳಬೇಕಿರಲಿಲ್ಲ. ಉಚಲ್ ಸಿಗುವುದು ಜೋಡಿಗೆ ಎಂದಾದಾಗ, ಮದುವೆಯಾಗದ ಹುಡುಗನಿಗೆ ಅರ್ಧ ಹಣ, ಮದುವೆಯಾದವನಿಗೆ ಪೂರ್ತಿ ಹಣ ಎಂದಾಯಿತು. ಹೆಣ್ಣು ಹೆತ್ತವರೂ ಆರು ತಿಂಗಳು ಊರು ಬಿಟ್ಟು ಹೋಗುವವರೇ. ಬೆಳೆದ ಮಗಳನ್ನು ಊರಲ್ಲಿ ಒಬ್ಬಳನ್ನೇ ಬಿಡಲಾರರು, ಕೋಪಿಯ ಬಯಲಿಗೆ ಕರೆತರಲಾರರು. ಹೀಗೆ ಎರಡೂ ಕಡೆಯ ಒತ್ತಾಯ ಕೂಡಿ ಹಂಗಾಮಿನ ಮುಂಚೆ ಎಳೆಯ ವಯಸ್ಸಿನಲ್ಲೇ ಮದುವೆಗಳು ನಡೆದುಹೋಗುತ್ತವೆ. ಬೀಡ್ ಭಾಗದ ಬಾಲ್ಯವಿವಾಹಗಳ ಬಗ್ಗೆ ಮಾತಾಡುವಾಗ ಅಜ್ಞಾನ, ಸಂಪ್ರದಾಯ ಎಂದು ಕೈ ತೋರಿಸುವುದು ಸುಲಭ. ಮುಂಗಡದ ಲೆಕ್ಕವೇ ಮದುವೆಗೆ ಬೆಲೆ ಕಟ್ಟುತ್ತಿದೆ ಎಂಬುದನ್ನು ಯಾಕೆ ಬಿಡಬೇಕು? ಆ ಲೆಕ್ಕದ ಕೊನೆಯ ತುದಿ ಇರುವುದು ನಮ್ಮ ಹೊಲದ ಬದುವಿನಲ್ಲಿ.

ನೆಲಮಟ್ಟದ ಸಕ್ಕರೆ

ಕಬ್ಬು ಕಡಿಯುವುದು ಬರೀ ರಟ್ಟೆಬಲದ ಕೆಲಸ ಎಂದುಕೊಂಡವರು ಒಂದು ತಾಸು ಕಟಾವಿನ ಹೊಲದಲ್ಲಿ, ಅಂದರೆ ಫಡದಲ್ಲಿ, ನಿಂತು ನೋಡಬೇಕು. ಎಡಗೈಯಲ್ಲಿ ಗಳ ಹಿಡಿದು, ಸೊಂಟ ಪೂರ್ತಿ ಬಗ್ಗಿಸಿ, ಮಣ್ಣಿಗೆ ಹತ್ತಿಕೊಂಡಂತೆ ಕಡಿಯಬೇಕು. ಕಬ್ಬಿನಲ್ಲಿ ಸಕ್ಕರೆ ಹೆಚ್ಚಿರುವುದು ಬುಡದ ಗೆಣ್ಣುಗಳಲ್ಲಿ. ನಾಲ್ಕು ಬೆರಳು ಮೇಲಕ್ಕೆ ಕಡಿದರೆ ಅತಿ ಸಿಹಿಯಾದ ಭಾಗ ಹೊಲದಲ್ಲೇ ಉಳಿಯಿತು. ಹಾಗೆ ಉಳಿದ ಮೋಟು ಮುಂದಿನ ಕೂಳೆ ಬೆಳೆಗೂ, ಈ ಸೀಮೆಯ ಮಾತಿನಲ್ಲಿ ಖೋಡವಾಕ್ಕೂ, ಒಳ್ಳೆಯದಲ್ಲ. ಬುಡ ಕಡಿದ ಮೇಲೆ ಕತ್ತಿಯ ಬೆನ್ನಿನಿಂದ ಒಣ ಎಲೆಯ ರವದಿ ಸವರಿ, ತುದಿಯ ಹಸಿ ಸೋಗೆಯನ್ನು ಒಂದೇ ಪೆಟ್ಟಿಗೆ ಹಾರಿಸಬೇಕು. ತುದಿಯ ಎಳೆ ಗೆಣ್ಣುಗಳಲ್ಲಿ ಸಕ್ಕರೆ ಕಡಿಮೆ, ಅವು ಕಾರ್ಖಾನೆಗೆ ಹೋದರೆ ಇಳುವರಿ ಬೀಳುತ್ತದೆ. ಗಂಡ ಕಡಿದು ಸಾಲಿಗೆ ಚೆಲ್ಲುತ್ತ ಮುಂದೆ ಹೋದಂತೆ ಹೆಂಡತಿ ಆಯ್ದು, ಅದೇ ಸೋಗೆಯನ್ನು ಹುರಿ ಮಾಡಿ ಸೂಡು ಕಟ್ಟುತ್ತ ಹಿಂದೆ ಬರುತ್ತಾಳೆ. ಸೋಗೆಯ ಅಂಚು ಗರಗಸದ ಹಾಗೆ ಕೊಯ್ಯುತ್ತದೆ. ಅದಕ್ಕೇ ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಡುತ್ತಾಳೆ. ಸಂಜೆಯ ಹೊತ್ತಿಗೆ ಟ್ರೇಲರಿಗೆ ಹಲಗೆ ಚಾಚುತ್ತಾರೆ. ತಲೆಯ ಮೇಲೆ ಸೂಡು ಹೊತ್ತು ಆ ಓಲಾಡುವ ಹಲಗೆಯ ಮೇಲೆ ಹತ್ತಿ ಇಳಿಯುವವರಲ್ಲಿ ಗರ್ಭಿಣಿಯರೂ ಇರುತ್ತಾರೆ.

ಕಡಿದ ಗಳಿಗೆಯಿಂದಲೇ ಕಬ್ಬು ತೂಕ ಕಳೆದುಕೊಳ್ಳತೊಡಗುತ್ತದೆ. ಒಳಗಿನ ಸಕ್ಕರೆ ಒಡೆದು ಹರಳುಗಟ್ಟದ ಬೇರೆ ಸಕ್ಕರೆಗಳಾಗಿ ಮಾರ್ಪಡುತ್ತದೆ. ಆದ್ದರಿಂದಲೇ ಆದಷ್ಟೂ ಒಂದು ದಿನದೊಳಗೆ ಅರೆಯಬೇಕೆಂಬ ಅವಸರ. ಉಗಾರ ಖುರ್ದದಲ್ಲಿ 1939ರಲ್ಲಿ ಶುರುವಾದ ಉಗಾರ ಶುಗರ್ ವರ್ಕ್ಸ್ ಇರಲಿ, ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಸಹಕಾರಿ ಕಾರ್ಖಾನೆಗಳಿರಲಿ, ಯಂತ್ರ ಒಮ್ಮೆ ತಿರುಗತೊಡಗಿದರೆ ಹಗಲು ರಾತ್ರಿ ನಿಲ್ಲುವಂತಿಲ್ಲ. ದಿನಕ್ಕೆ 5,000 ಟನ್ ಅರೆಯುವ ಒಂದು ಕಾರ್ಖಾನೆಯನ್ನು ಊಹಿಸಿಕೊಳ್ಳಿ. ಒಂದು ಜೋಡಿ ದಿನಕ್ಕೆ ಹೆಚ್ಚೆಂದರೆ ಎರಡು ಟನ್ ಕಡಿದೀತು. ಅಂದರೆ 2,500 ಕೋಯ್ತಾ, ಐದು ಸಾವಿರ ಜನ, ಪ್ರತಿದಿನ ಬಗ್ಗಿ ಏಳಬೇಕು. ಕಬ್ಬು ಕಡಿಯುವವರು ಕಾರ್ಖಾನೆಯ ಹೊರಗಿನವರು ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಆ ಯಂತ್ರದ ಮೊದಲ ಹಲ್ಲು ಹೊಲದಲ್ಲಿದೆ.

ಲಕ್ಷ ರೂಪಾಯಿ ತೀರುವುದು ಎಂದು?

ಮಹಾರಾಷ್ಟ್ರದಲ್ಲಿ ಸಹಕಾರಿ ಕಾರ್ಖಾನೆಗಳ ಒಕ್ಕೂಟ ಮತ್ತು ಕಟಾವು ಕಾರ್ಮಿಕ ಸಂಘಟನೆಗಳ ನಡುವೆ ದರದ ಒಪ್ಪಂದ ಆಗುತ್ತದೆ. 2024ರ ಜನವರಿಯ ಒಪ್ಪಂದದಲ್ಲಿ ಟನ್ನಿಗೆ 273 ರೂಪಾಯಿ ಇದ್ದ ಕೂಲಿ 366ಕ್ಕೆ ಏರಿತು, ಮುಕಾದಮನ ಕಮಿಷನ್ ಶೇ 19ರಿಂದ 20 ಆಯಿತು. ಅದೇ ದರವನ್ನು ಹಿಡಿದು ಲೆಕ್ಕ ಹಾಕೋಣ. ಎರಡು ಟನ್ನಿಗೆ 732 ರೂಪಾಯಿ. ಇಬ್ಬರಿಗೆ ಹಂಚಿದರೆ ತಲೆಗೆ 366. ಕರ್ನಾಟಕದಲ್ಲಿ 2025-26ರ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ನಸುಕಿನಲ್ಲಿ ಎದ್ದು ಫಡಕ್ಕೆ ಹೋಗಿ, ರಾತ್ರಿ ಟ್ರ್ಯಾಕ್ಟರಿನ ದೀಪದ ಬೆಳಕಿನಲ್ಲಿ ಲೋಡು ತುಂಬಿಸುವ ಕೆಲಸಕ್ಕೆ, ಕೆರೆ ಹೂಳೆತ್ತುವ ಕೂಲಿಯಷ್ಟೂ ಇಲ್ಲ. ಲಕ್ಷ ರೂಪಾಯಿ ಉಚಲ್ ಪಡೆದ ಜೋಡಿ ಅದನ್ನು ತೀರಿಸಲು ಒಂದು ದಿನವೂ ತಪ್ಪದೆ 137 ದಿನ ಎರಡೆರಡು ಟನ್ ಕಡಿಯಬೇಕು. ನವೆಂಬರ್ ಒಂದಕ್ಕೆ ಕತ್ತಿ ಹಿಡಿದರೆ ಮಾರ್ಚ್ ಮಧ್ಯದವರೆಗೆ. ಈ ನಡುವೆ ತಿನ್ನುವುದಕ್ಕೆ, ಔಷಧಿಗೆ ಮುಕಾದಮನಿಂದ ಪಡೆಯುವ ವಾರದ ಖರ್ಚಿನ ಹಣವೂ ಅದೇ ಖಾತೆಗೆ ಬೀಳುತ್ತದೆ.

ಒಂದು ದಿನ ತಪ್ಪಿದರೆ ಖಾಡಾ, ಅಂದರೆ ದಂಡ. ಜ್ವರ ಬಂದರೂ ಖಾಡಾ, ಮುಟ್ಟಿನ ನೋವಿಗೂ ಖಾಡಾ. ಕೋಪಿಯ ಹತ್ತಿರ ಶೌಚಾಲಯವಿಲ್ಲ, ಮೀಯಲು ಮರೆಯಿಲ್ಲ. ಬೀಡ್ ಜಿಲ್ಲೆಯಲ್ಲಿ 2019ರಲ್ಲಿ ಮಹಾರಾಷ್ಟ್ರ ಸರಕಾರ ನೇಮಿಸಿದ ಸಮಿತಿ ಕಬ್ಬು ಕಡಿಯುವ 82,309 ಹೆಂಗಸರ ಮಾಹಿತಿ ಕಲೆಹಾಕಿದಾಗ, ಅವರಲ್ಲಿ 13,861 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ನೂರಕ್ಕೆ ಸುಮಾರು ಹದಿನೇಳು. ಇದಕ್ಕೆ ಕಾರಣ ಬರೀ ಆಸ್ಪತ್ರೆಗಳ ದುರಾಸೆ ಎಂದು ಮುಗಿಸಲಾಗದು. ಮೈಯೇ ಹಂಗಾಮಿಗೆ ಅಡ್ಡಿ ಎನ್ನಿಸುವ ಸ್ಥಿತಿಗೆ ಒಂದು ಹೆಣ್ಣನ್ನು ತಂದ ಲೆಕ್ಕದ ಪದ್ಧತಿಯನ್ನೂ ಕೂಡಿಸಿ ನೋಡಬೇಕು. ದಂಡ ಬೀಳುವುದು ಕೋಯ್ತಾದ ಮೇಲೆ. ಒಬ್ಬಳು ಮಲಗಿದರೆ ಇಬ್ಬರೂ ತಪ್ಪಿತಸ್ಥರು.

ಗಡಿಯ ಈಚೆ, ಗಡಿಯ ಆಚೆ

ಕಬ್ಬಿಗೆ ಇಲ್ಲಿ ಗಡಿಯೆಂಬುದು ಗಟ್ಟಿಯಾದ ಗೋಡೆಯಲ್ಲ. ನಿಪ್ಪಾಣಿಯ ಕಬ್ಬು ಕೊಲ್ಹಾಪುರ ಜಿಲ್ಲೆಗೆ ಹೋಗುತ್ತದೆ, ಅತ್ತಣ ಕಬ್ಬು ಇತ್ತ ಬರುತ್ತದೆ. 2023ರ ಸೆಪ್ಟೆಂಬರಿನಲ್ಲಿ ಹೊರರಾಜ್ಯಕ್ಕೆ ಕಬ್ಬು ಕಳಿಸಬಾರದೆಂದು ಮಹಾರಾಷ್ಟ್ರ ಸರಕಾರ ಆದೇಶ ಹೊರಡಿಸಿತು. ರೈತರು ಎದ್ದು ನಿಂತರು, ಆದೇಶ ವಾಪಸಾಯಿತು. ಭಾಷೆಯೂ ಹಾಗೆಯೇ. ಜತ್ತ ತಾಲ್ಲೂಕಿನ ಕನ್ನಡಿಗ ಹಳ್ಳಿಗಳು ನೀರಿಗಾಗಿ ಕರ್ನಾಟಕ ಸೇರುತ್ತೇವೆ ಎಂದು ಠರಾವು ಮಾಡಿದ್ದನ್ನು 2022ರಲ್ಲಿ ಎಲ್ಲರೂ ಮತ್ತೆ ನೆನೆದರು. ಇತ್ತ ವಿಜಯಪುರದ ತಾಂಡಾಗಳಿಂದ ಕನ್ನಡ, ಲಂಬಾಣಿ ಆಡುವ ಜೋಡಿಗಳು ಇದೇ ಕತ್ತಿ ಹಿಡಿದು ಮಹಾರಾಷ್ಟ್ರಕ್ಕೆ ಹೋಗುತ್ತವೆ. ಹಾಗಾಗಿ ಇದು ಮರಾಠಿಗರ ಪಾಡು, ಕನ್ನಡಿಗರ ಹೊಲ ಎಂಬ ಕತೆಯಲ್ಲ. ನಾವು ಇಲ್ಲಿ ಏನು ಮಾಡುತ್ತೇವೋ, ಅದನ್ನೇ ಅಲ್ಲಿ ನಮ್ಮವರಿಗೆ ಮಾಡಿ ಎಂದು ಕೇಳುವ ಬಾಯಿ ನಮಗಿರಬೇಕು.

ಮನುಷ್ಯರಿಗೆ ಮಾತ್ರ ಗಡಿ ಗಟ್ಟಿ. ಕಟಾವು ಕಾರ್ಮಿಕರಿಗಾಗಿ ಮಹಾರಾಷ್ಟ್ರ ಗೋಪಿನಾಥ ಮುಂಡೆ ಅವರ ಹೆಸರಿನ ಕಲ್ಯಾಣ ಮಂಡಳಿ ಕಟ್ಟಿತು. ಅದಕ್ಕೆ ಅಲ್ಲಿನ ಕಾರ್ಖಾನೆಗಳು ಅರೆದ ಪ್ರತಿ ಟನ್ನಿಗೆ 10 ರೂಪಾಯಿ ಕೊಡಬೇಕು. ಬೀಡ್‌ನ ಅದೇ ಜೋಡಿ ಕಾಗವಾಡದಲ್ಲಿ ಕಡಿದ ಕಬ್ಬು ಆ ಟನ್ನುಗಳ ಲೆಕ್ಕಕ್ಕೆ ಸೇರದು. 2020ರ ಲಾಕ್‌ಡೌನ್ ಇದನ್ನು ಹಗಲಿನಷ್ಟು ಸ್ಪಷ್ಟವಾಗಿ ತೋರಿಸಿತು. ಏಪ್ರಿಲ್ 17ರಂದು ಮಹಾರಾಷ್ಟ್ರ ಸರಕಾರ ತನ್ನ ಕಾರ್ಖಾನೆಗಳ ಅಂಗಳದಲ್ಲಿ ಸಿಕ್ಕಿಬಿದ್ದಿದ್ದ ಸುಮಾರು 1.31 ಲಕ್ಷ ಕಟಾವು ಕಾರ್ಮಿಕರಿಗೆ ಊರಿಗೆ ಮರಳಲು ಅವಕಾಶ ಕೊಟ್ಟಿತು. ರಾಜ್ಯದಿಂದ ರಾಜ್ಯಕ್ಕೆ ಹೋಗುವವರಿಗೆ ಕೇಂದ್ರದ ಅನುಮತಿ ಬಂದದ್ದು ಏಪ್ರಿಲ್ 29ಕ್ಕೆ. ಒಂದೇ ಊರು, ಒಂದೇ ಕೆಲಸ. ಆದರೂ ಹನ್ನೆರಡು ದಿನಗಳ ಅಂತರ.

ಗಡಿ ದಾಟಿದವರಿಗೆ ಕಾನೂನು ಇರಲಿಲ್ಲವೆಂದಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಹಳ ಮುಂದಾಲೋಚನೆಯ ಕಾಯ್ದೆಯಾಗಿತ್ತು. ಗುತ್ತಿಗೆದಾರ ಪ್ರತಿ ಕಾರ್ಮಿಕನಿಗೂ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕು, ಅದರಲ್ಲಿ ಕೂಲಿಯ ದರ ಬರೆದಿರಬೇಕು, ಹೋಗಿಬರುವ ಖರ್ಚು ಕೊಡಬೇಕು, ವಸತಿ ಮತ್ತು ಔಷಧೋಪಚಾರ ಒದಗಿಸಬೇಕು, ಗಂಡು ಹೆಣ್ಣು ಎನ್ನದೆ ಸಮಾನ ಕೆಲಸಕ್ಕೆ ಸಮಾನ ಕೂಲಿ ಕೊಡಬೇಕು ಎಂದು ಅದು ಹೇಳಿತ್ತು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಹೊಣೆಯಾಗಿದ್ದ. ಕಾಯ್ದೆ ಹೇಳಿದ್ದು ಪ್ರತಿ ಕಾರ್ಮಿಕನಿಗೆ, ಪ್ರತಿ ಜೋಡಿಗೆ ಅಲ್ಲ. ಪಾಸ್‌ಬುಕ್‌ನ ಆ ಒಂದು ನಿಯಮ ನಮ್ಮ ಹೊಲಗಳಿಗೆ ನಿಜವಾಗಿ ಇಳಿದಿದ್ದರೆ ಕೋಯ್ತಾ ಎಂಬ ಲೆಕ್ಕ ಅಲ್ಲಿಗೇ ಮುರಿದು ಬೀಳುತ್ತಿತ್ತು. ಈಗ ಆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆ ಬಂದಿದ್ದು, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಕಾನೂನು ಅನ್ವಯವಾಗಲು ಹಿಂದೆ ಐದು ವಲಸಿಗರಿದ್ದರೆ ಸಾಕಿತ್ತು, ಈಗ ಹತ್ತು ಜನ ಬೇಕು. ಹತ್ತು ಎಂಬುದನ್ನು ಕೋಯ್ತಾದಲ್ಲಿ ಎಣಿಸುತ್ತಾರೋ ತಲೆಯಲ್ಲಿ ಎಣಿಸುತ್ತಾರೋ ಎಂಬುದರ ಮೇಲೆ ಒಂದು ಸಣ್ಣ ಗ್ಯಾಂಗು ಕಾನೂನಿನ ಒಳಗೋ ಹೊರಗೋ ಎಂಬುದು ನಿಂತಿದೆ.

ಮತ್ತೊಂದು ಗಡಿ

ಹೆಸರು ಕಾಗದದಲ್ಲಿದ್ದರೆ ಏನಾಗುತ್ತದೆ ಎಂಬುದನ್ನು ಬೇರೊಂದು ಗಡಿಯಲ್ಲಿ, ಅಮೆರಿಕ ಮತ್ತು ಮೆಕ್ಸಿಕೊ ನಡುವಿನ ಮರಳುಗಾಡಿನ ಗಡಿಯಲ್ಲಿ, ನೋಡಬಹುದು. ಆ ಗಡಿಯನ್ನು ದಕ್ಷಿಣದಿಂದ ದಾಟಿದವರು ಹೊಲದ ಆಳುಗಳು. 1942ರಿಂದ 1964ರವರೆಗೆ ನಡೆದ ಬ್ರಸೆರೊ ಯೋಜನೆಯಲ್ಲಿ ಮೆಕ್ಸಿಕೊದ ಕೂಲಿಗಳೊಂದಿಗೆ ಸುಮಾರು 46 ಲಕ್ಷ ಕರಾರುಗಳಾದವು. ಅವರಿಗೆ ಆದ ಅನ್ಯಾಯಗಳು ಕಡಿಮೆಯಲ್ಲ. ಕೂಲಿಯಲ್ಲಿ ಮುರಿದುಕೊಂಡ ಉಳಿತಾಯದ ಹಣ ಎಷ್ಟೋ ಜನರಿಗೆ ಮರಳಿ ಬರಲೇ ಇಲ್ಲ. ಆದರೆ ಅವರ ಹೆಸರು ಕಾಗದದಲ್ಲಿತ್ತು. ಆ ಕಾಗದ ಹಿಡಿದು ಮುದುಕರಾದ ಮೇಲೆ ಕೋರ್ಟಿಗೆ ಹೋದರು. 1942-46ರಲ್ಲಿ ದುಡಿದವರಿಗೆ ತಲಾ 3,500 ಡಾಲರ್ ಕೊಡಲು 2008ರಲ್ಲಿ ಮೆಕ್ಸಿಕೊ ಸರಕಾರ ಒಪ್ಪಿತು. ಅರುವತ್ತು ವರ್ಷ ತಡವಾದರೂ ಕೇಳುವುದಕ್ಕೆ ಒಂದು ಆಧಾರವಿತ್ತು. ನಮ್ಮ ಕೋಪಿಯ ಹೆಂಗಸಿನ ಕೈಯಲ್ಲಿ ಅಷ್ಟೂ ಇಲ್ಲ.

ರೈತನ ತಕರಾರಿಗೆ ಉತ್ತರ

ಇಷ್ಟು ಓದಿದ ರಾಯಬಾಗದ ಒಬ್ಬ ಕಬ್ಬು ಬೆಳೆಗಾರನಿಗೆ ಸಿಟ್ಟು ಬಂದರೆ ಅದು ಸಹಜ. ಅವನ ತಕರಾರು ಸುಳ್ಳಲ್ಲ. ಸರಕಾರ ಸಾರುವ ಎಫ್‌ಆರ್‌ಪಿ ದರ, 2025-26ಕ್ಕೆ ಶೇ 10.25 ಇಳುವರಿಗೆ ಟನ್ನಿಗೆ 3,550 ರೂಪಾಯಿ, ಕಾರ್ಖಾನೆಯ ಗೇಟಿನ ದರ. ಕಟಾವು, ಸಾಗಾಣಿಕೆಯ ಖರ್ಚು ಅದರಲ್ಲೇ ಮುರಿದುಹೋಗುತ್ತದೆ. ಅಂದರೆ ಗ್ಯಾಂಗಿನ ಕೂಲಿ ಕೊಡುವವನು ಕೊನೆಗೆ ರೈತನೇ. ಅದರ ಮೇಲೆ ತೋಡಣಿ, ಅಂದರೆ ಕಟಾವು, ಬಂದ ದಿನ ಎಕರೆಗಿಷ್ಟು ಎಂದು ಗ್ಯಾಂಗು ಬೇರೆ ಹಣ ಕೇಳುತ್ತದೆ, ಟ್ರ್ಯಾಕ್ಟರಿನವನಿಗೆ ಬೇರೆ ಕೊಡಬೇಕು. ಕಬ್ಬು ಒಣಗುತ್ತಿರುವಾಗ ರೈತ ಚೌಕಾಸಿ ಮಾಡಲಾರ. ಟ್ರ್ಯಾಕ್ಟರ್ ಮಾಲೀಕನ ಪಾಡೂ ಇದೇ. ಬ್ಯಾಂಕಿನ ಸಾಲ ತೆಗೆದು ಮುಕಾದಮನಿಗೆ ಲಕ್ಷಗಟ್ಟಲೆ ಸುರಿದು, ಗ್ಯಾಂಗೇ ಬರದೆ, ಆ ಮುಕಾದಮನನ್ನು ಹುಡುಕುತ್ತ ಬೀಡ್, ಜಾಲ್ನಾ ತಿರುಗಿದ ಯುವಕರು ಈ ಸೀಮೆಯ ಊರೂರಲ್ಲಿದ್ದಾರೆ. ‘ಅವರಿಗೆ ಕರುಣೆ ತೋರಿಸುವವರು ನಮಗೂ ತೋರಿಸಿ’ ಎಂಬ ಮಾತಿನಲ್ಲಿ ನ್ಯಾಯವಿದೆ.

ಆದರೆ ಈ ಮೋಸ ಹುಟ್ಟುವುದು ಎಲ್ಲಿ ಎಂದು ಹಿಡಿದು ಹೋದರೆ ಮತ್ತೆ ಅದೇ ಹೆಸರಿಲ್ಲದ ಲೆಕ್ಕಕ್ಕೆ ಬರುತ್ತೇವೆ. ಹಣ ಪಡೆದವರು ಯಾರು, ಎಷ್ಟು ಜನ, ಯಾವ ಊರಿನವರು ಎಂಬುದು ಮುಕಾದಮನ ತಲೆಯಲ್ಲಿ ಮಾತ್ರ ಇದೆ. ಅದೇ ಜೋಡಿಗಳನ್ನು ಅವನು ಇಬ್ಬರು ಮಾಲೀಕರಿಗೆ ತೋರಿಸಿ ಇಬ್ಬರಿಂದಲೂ ಮುಂಗಡ ಪಡೆಯಬಹುದು. ಹಣ ಜೋಡಿಗೆ ತಲುಪದೆ ಅವನಲ್ಲೇ ಉಳಿದರೂ ಸಾಲ ಅವರ ಹೆಸರಿಗೇ ಬೀಳಬಹುದು. ಇಬ್ಬರ ಹೆಸರೂ, ಇಬ್ಬರ ಬ್ಯಾಂಕ್ ಖಾತೆಯೂ ಕಾರ್ಖಾನೆಯ ದಾಖಲೆಯಲ್ಲಿದ್ದು, ಮುಂಗಡ ಅರ್ಧರ್ಧವಾಗಿ ನೇರ ಆ ಖಾತೆಗಳಿಗೇ ಬಿದ್ದರೆ, ಕೂಲಿಗೆ ರಕ್ಷಣೆ ಸಿಗುವ ಜೊತೆಗೆ ಟ್ರ್ಯಾಕ್ಟರ್ ಮಾಲೀಕನ ಹಣಕ್ಕೂ ಜಾಡು ಸಿಗುತ್ತದೆ. ಮೇಲಿನ ಹಣ ಕೇಳುವ ರೂಢಿ ಇದರಿಂದ ಪೂರ್ತಿ ನಿಲ್ಲಲಾರದು. ಟನ್ನಿನ ಕೂಲಿ ಸಾಲದೆ ಹೋದಾಗ ಆ ರೂಢಿ ಬೆಳೆಯಿತು, ಕೂಲಿ ಸರಿಯಾದಷ್ಟೂ ಅದು ತಗ್ಗೀತು. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬಿನ ದರಕ್ಕಾಗಿ ರೈತರು ರಸ್ತೆಯಲ್ಲಿ ಕೂತಾಗ ಇಡೀ ರಾಜ್ಯ ಆಲಿಸಿತು. ಆ ದರದೊಳಗಿನ ಕಟಾವಿನ ಪಾಲು ಯಾರಿಗೆ ಎಷ್ಟು ಮುಟ್ಟುತ್ತದೆ ಎಂಬ ಪ್ರಶ್ನೆಯೂ ರೈತನ ಪ್ರಶ್ನೆಯೇ.

ಯಂತ್ರ ಬರುತ್ತದೆ, ಈ ಗೋಳು ತಾನಾಗಿ ಮುಗಿಯುತ್ತದೆ ಎನ್ನುವವರಿದ್ದಾರೆ. ಕಟಾವು ಯಂತ್ರಗಳು ಬಂದಿವೆ ನಿಜ. ಅವುಗಳ ಬೆಲೆ ಕೋಟಿ ರೂಪಾಯಿಯ ಆಸುಪಾಸು. ಸಾಲಿನಿಂದ ಸಾಲಿಗೆ ನಾಲ್ಕೈದು ಅಡಿ ಅಂತರ ಬೇಕು, ತಿರುಗಲು ಉದ್ದದ ಹೊಲ ಬೇಕು, ನೆಲ ಒಣಗಿರಬೇಕು. ನದಿ ದಂಡೆಯ ಕಪ್ಪುಮಣ್ಣಿನ, ಅಣ್ಣ-ತಮ್ಮಂದಿರು ಹಂಚಿಕೊಂಡ ಎಕರೆ-ಅರ್ಧ ಎಕರೆಯ ತುಂಡುಗಳಲ್ಲಿ ಇನ್ನೂ ಬಹಳ ಹಂಗಾಮುಗಳು ಕತ್ತಿಯೇ ಓಡಾಡುತ್ತದೆ. ಊರಲ್ಲಿ ಕೆಲಸವಿಲ್ಲದೆ ಬಂದವರು, ತಾವಾಗಿ ಬಂದವರು ಎಂಬ ಮಾತಿಗೆ ಹೆಚ್ಚು ಉತ್ತರ ಬೇಕಿಲ್ಲ. ಮಗಳ ಮದುವೆಗೋ ಆಸ್ಪತ್ರೆಗೋ ಮಳೆಗಾಲದಲ್ಲೇ ಖರ್ಚಾದ ಹಣಕ್ಕೆ ಚಳಿಗಾಲದಲ್ಲಿ ದುಡಿಯುವವನಿಗೆ, ಬರುವುದಿಲ್ಲ ಎನ್ನುವ ಆಯ್ಕೆ ಇರುವುದಿಲ್ಲ. 1976ರ ಜೀತ ರದ್ದತಿ ಕಾಯ್ದೆ ಮುಂಗಡದ ಸಾಲಕ್ಕೆ ಕಟ್ಟಿಬಿದ್ದ ದುಡಿಮೆಯನ್ನು ಗುರುತಿಸಿದ್ದು ಇದೇ ಕಾರಣಕ್ಕೆ.

ಇಲ್ಲಿ ಆಗಬಹುದಾದದ್ದು

ಮಾಡಬೇಕಾದದ್ದರಲ್ಲಿ ಬಹುಪಾಲು ಬೆಳಗಾವಿ ಜಿಲ್ಲೆಯ ಕೈಯಲ್ಲೇ ಇದೆ. ರಾಜ್ಯದಲ್ಲೇ ಅತಿ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವ ಜಿಲ್ಲೆ ಇದು. ಗ್ಯಾಂಗು ಬಂದಿಳಿದ ವಾರದಲ್ಲೇ ಕಾರ್ಖಾನೆಯ ಕಬ್ಬು ವಿಭಾಗದ ಸಿಬ್ಬಂದಿ ಕೋಪಿಗೆ ಹೋಗಿ ಗಂಡ, ಹೆಂಡತಿ, ಮಕ್ಕಳ ಹೆಸರು ಬರೆದುಕೊಳ್ಳುವುದು ಕಷ್ಟದ ಕೆಲಸವಲ್ಲ. ಯಾವ ಗದ್ದೆಯಲ್ಲಿ ಯಾವ ತಳಿಯ ಕಬ್ಬು ಯಾವ ತಾರೀಖಿಗೆ ನಾಟಿಯಾಯಿತು ಎಂದು ಬರೆದಿಡುವವರು ಅವರೇ. ಪಡಿತರ ಚೀಟಿ ಈಗ ದೇಶದ ಯಾವ ಅಂಗಡಿಯಲ್ಲೂ ನಡೆಯುತ್ತದೆ, ಆದರೆ ಹೊಸ ಊರಿನ ಅಂಗಡಿ ತೋರಿಸುವವರು ಬೇಕು. ಮಕ್ಕಳ ವಿಷಯದಲ್ಲಂತೂ ಗಡಿಭಾಗಕ್ಕೆ ಬೇರೆಲ್ಲೂ ಇಲ್ಲದ ಅನುಕೂಲವಿದೆ. ನಿಪ್ಪಾಣಿ, ಚಿಕ್ಕೋಡಿ, ಕಾಗವಾಡ ತಾಲ್ಲೂಕುಗಳಲ್ಲಿ ಸರಕಾರಿ ಮರಾಠಿ ಶಾಲೆಗಳಿವೆ. ಬೀಡ್‌ನ ಮೂರನೆಯ ತರಗತಿಯ ಹುಡುಗಿ ತನ್ನ ಭಾಷೆಯಲ್ಲೇ ಪಾಠ ಮುಂದುವರಿಸಬಹುದಾದ ಶಾಲೆ ಎಷ್ಟೋ ಕಡೆ ಕೋಪಿಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿದೆ. ಅವಳು ಶಾಲೆಗೆ ಹೋಗದಿರುವುದು ಭಾಷೆಯ ಕಾರಣಕ್ಕಲ್ಲ, ಜೋಳಿಗೆಯಲ್ಲಿ ಮಲಗಿದ ತಮ್ಮನನ್ನು ತೂಗಲು ಬೇರೆ ಯಾರೂ ಇಲ್ಲದ್ದಕ್ಕೆ. ಊರಿನ ಅಂಗನವಾಡಿ ಆ ತಮ್ಮನನ್ನು ಹಂಗಾಮು ಮುಗಿಯುವವರೆಗೆ ಸೇರಿಸಿಕೊಂಡರೆ ಅಕ್ಕನಿಗೆ ಪಾಟಿಚೀಲ ಹಿಡಿಯಲು ಕೈ ಬಿಡುವಾಗುತ್ತದೆ.

ಮಾರ್ಚ್ ಕೊನೆಯ ಹೊತ್ತಿಗೆ ಕಾರ್ಖಾನೆಯ ಸಿಳ್ಳು ನಿಲ್ಲುತ್ತದೆ. ಮುಕಾದಮ ವಹಿ ತೆರೆದು ಲೆಕ್ಕ ಹೇಳುತ್ತಾನೆ: ಇಷ್ಟು ಟನ್ನು, ಇಷ್ಟು ಖಾಡಾ, ಇಷ್ಟು ಬಾಕಿ. ಆ ಟನ್ನುಗಳ ತೂಕದ ಚೀಟಿಗಳಲ್ಲಿ ರೈತನ ಹೆಸರಿದೆ, ಗಾಡಿಯ ನಂಬರಿದೆ, ನಿವ್ವಳ ತೂಕ ಇದೆ. ಬಿದಿರಿನ ಗಳಗಳು, ತಾಡಪತ್ರಿ, ಟ್ರಂಕು ಮತ್ತೆ ಟ್ರೇಲರು ಏರುತ್ತವೆ. ಹೊಲದಲ್ಲಿ ನೆಲಮಟ್ಟಕ್ಕೆ ಕಡಿದ ಬುಡಗಳಿಂದ ಖೋಡವಾದ ಮೊಳಕೆ ಎದ್ದಿರುತ್ತದೆ. ಅದನ್ನು ಕಡಿಯಲು ಬರುವ ದೀಪಾವಳಿಗೆ ಯಾವ ಜೋಡಿ ಬರಬೇಕು ಎಂಬುದು ಆ ವಹಿಯ ಬಾಕಿಯಲ್ಲಿ ಆಗಲೇ ಬರೆದುಹೋಗಿರುತ್ತದೆ, ಗಂಡನ ಹೆಸರಿನಲ್ಲಿ.